ಕರೆಂಟಣ್ಣನ ಎಸ್ಸೆಸ್ಸೆಲ್ಸಿ

ಪ್ರತಿ ಬಡಾವಣೆಗೂ ಒಬ್ಬ ಕರೆಂಟಣ್ಣ ಇರುತ್ತಾನೆ. ನಲವತ್ತು ದಾಟಿದ ವಯಸ್ಸು, ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಟೆಸ್ಟರ್, ಕಾಲಲ್ಲಿ ಹವಾಯಿ ಚಪ್ಪಲಿ. ಯಾರ ಮನೆಯ ಗೋಡೆಯೊಳಗೆ ಯಾವ ಪೈಪು ಎಲ್ಲಿ ತಿರುಗಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಾಯಿಪಾಠವಾಗದೆ ಉಳಿದದ್ದು ಹತ್ತನೇ ಕ್ಲಾಸಿನ ಗಣಿತವೊಂದೇ. ಅಂದು 35 ಬೇಕಾದ ಕಡೆ 19 ಬಂತು. ಅಪ್ಪ ಬೈಯಲೂ ಇಲ್ಲ. ಸ್ಕ್ರೂಡ್ರೈವರ್ ಕೊಡಿಸಿ ಮೇಸ್ತ್ರಿಯೊಬ್ಬರ ಹಿಂದೆ ಕಳಿಸಿಬಿಟ್ಟ.

ಹೀಗೇ ಚೆನ್ನಾಗಿದ್ದವನ ನಿದ್ದೆ ಕೆಡಿಸಿದ್ದು ಅವನ ಕೈಕೆಳಗಿನ ಹುಡುಗನೇ. ಏಣಿ ಹಿಡಿಯಲು ಬರುತ್ತಿದ್ದ ಪೋರ, ಐಟಿಐ ಮುಗಿಸಿ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ, ಕತ್ತಿಗೆ ಐಡಿ ಕಾರ್ಡು ನೇತುಹಾಕಿಕೊಂಡು ಸ್ವೀಟು ಹಂಚಲು ಬಂದ. ಕರೆಂಟಣ್ಣ ಸ್ವೀಟು ತಿಂದ. ಕಣ್ಣು ಮಾತ್ರ ಕಾರ್ಡಿನ ಮೇಲೇ ಇತ್ತು. ತಾನೂ ಐಟಿಐ ಮಾಡುತ್ತೇನೆಂದು ಹಟ ಹಿಡಿದ.

ಎಂಟನೇ ಕ್ಲಾಸು ಪಾಸಾದವರಿಗೆ ಐಟಿಐನಲ್ಲಿ ವೈರ್‌ಮನ್ ಟ್ರೇಡ್ ಸಿಗುತ್ತದೆ, ಅದನ್ನೇ ಸೇರಬಹುದಲ್ಲ ಎಂದು ನಾವು ಹೇಳಿ ನೋಡಿದೆವು. ‘ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಷಿಯನ್ ಸಾರ್ ನಾನು. ಈಗ ವೈರ್‌ಮನ್ ಆಗ್ಲಾ?’ ಎಂದ. ಎಲೆಕ್ಟ್ರಿಷಿಯನ್ ಟ್ರೇಡಿಗೆ ಎಸ್ಸೆಸ್ಸೆಲ್ಸಿ ಬೇಕು, ಅದೂ ಗಣಿತ, ವಿಜ್ಞಾನ ಓದಿರಬೇಕು. ಸರಿ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿದ.

ಅಂದಿನಿಂದ ಬಡಾವಣೆಗೆ ಕತ್ತಲೆ. ಫ್ಯಾನು ತಿರುಗುತ್ತಿಲ್ಲ ಬಾರಪ್ಪ ಎಂದರೆ ‘ಪರೀಕ್ಷೆ ಸಾರ್’. ಮೊದಲಾದರೆ ಈ ನೆಪ ಏಪ್ರಿಲ್‌ಗೆ ಮುಗಿಯುತ್ತಿತ್ತು. 2024ರಲ್ಲಿ ಸರ್ಕಾರ ವರ್ಷಕ್ಕೆ ಮೂರು ಪರೀಕ್ಷೆ ಮಾಡಿ, ಮಾರ್ಚಿನ ನೆಪವನ್ನು ಮಳೆಗಾಲದವರೆಗೂ ಎಳೆದುಕೊಟ್ಟಿತು. ವಿದ್ಯಾರ್ಥಿಗಳ ಒತ್ತಡ ಇಳಿಸಲು ಹಾಗೆ ಮಾಡಿದ್ದಂತೆ. ಗಿರಾಕಿಗಳ ಒತ್ತಡವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಪಾಠ ಹೇಳಿಕೊಡುವವಳು ಒಂಬತ್ತನೇ ಕ್ಲಾಸಿನ ಮಗಳು. ಅವಳ ಕಷ್ಟ ದೇವರಿಗೇ ಪ್ರೀತಿ. ವಿಜ್ಞಾನದ ಪುಸ್ತಕದಲ್ಲಿ ಮನೆಯ ವೈರಿಂಗ್ ಬಗ್ಗೆಯೇ ಪಾಠವಿದೆ: ಗೀಸರಿನಂಥವಕ್ಕೆ 15 ಆಂಪಿಯರ್ ಮಂಡಲ, ಬಲ್ಬು ಫ್ಯಾನಿಗೆ 5 ಆಂಪಿಯರ್. ‘ಈಗ ಅಂಗಡೀಲಿ ಸಿಗೋದು 6 ಮತ್ತು 16. ಪುಸ್ತಕ ತಪ್ಪು’ ಎಂದು ಕರೆಂಟಣ್ಣ ಪೆನ್ಸಿಲ್‌ನಲ್ಲಿ ತಿದ್ದಿಟ್ಟ. ಉತ್ತರಪತ್ರಿಕೆಯಲ್ಲೂ ತಿದ್ದಿದ್ದೇ ಬರೆದನಂತೆ.

ಗಣಿತ ಇನ್ನೂ ಘೋರ. ತ್ರಿಕೋನಮಿತಿಯ ಪಾಠದಲ್ಲಿ ಸಾಕ್ಷಾತ್ ಎಲೆಕ್ಟ್ರಿಷಿಯನ್ನೇ ಬರುತ್ತಾಳೆ. 5 ಮೀಟರ್ ಕಂಬ, ತುದಿಯಿಂದ 1.3 ಮೀಟರ್ ಕೆಳಗೆ ರಿಪೇರಿ. ನೆಲಕ್ಕೆ 60 ಡಿಗ್ರಿ ವಾಲಿಸಿದ ಏಣಿಯ ಉದ್ದವೆಷ್ಟು?

‘ಮೊದಲ್ನೇದು, ಕಂಬ ಹತ್ತಬೇಕಾದವರು ಬೆಸ್ಕಾಂನವರು. ನಾವು ಹತ್ತಿದರೆ ಕೇಸು.’

‘ಅಪ್ಪಾ, ಸೈನ್ 60 ಹಾಕು.’

‘ಎರಡನೇದು, ಲೆಕ್ಕ ಹಾಕಿ ಏಣಿ ಕೊಳ್ಳೋರು ಯಾರಮ್ಮ? ಇರೋ ಏಣೀನೇ ಒಂಚೂರು ಹಿಂದೆ ಮುಂದೆ ಸರಿಸ್ತೀವಿ.’

ಏಣಿಯ ಉದ್ದ ಸುಮಾರು 4.28 ಮೀಟರ್ ಎಂದು ಅವನನ್ನು ಒಪ್ಪಿಸುವಷ್ಟರಲ್ಲಿ ಮಗಳು ತಾನೇ ಹತ್ತನೇ ಕ್ಲಾಸಿಗೆ ಬಂದಿದ್ದಳು.

ಪರೀಕ್ಷಾ ಕೇಂದ್ರದಲ್ಲಿ ಗೇಟಿನ ಪೇದೆ ‘ಪೋಷಕರು ಆಚೆ ನಿಲ್ಲಿ’ ಎಂದ. ಹಾಲ್ ಟಿಕೆಟ್ ತೋರಿಸಿದ ಮೇಲೆ ಒಳಗೆ ಬಿಟ್ಟ. ಕೊಠಡಿಯಲ್ಲಿ ಟ್ಯೂಬ್‌ಲೈಟೊಂದು ಮಿಣಮಿಣ ಎನ್ನುತ್ತಿದ್ದದ್ದು ಕಂಡು ಇವನ ಕೈ ಕಡಿಯಿತು. ಮೇಜು ಹತ್ತಲು ಹೊರಟವನನ್ನು ಮೇಲ್ವಿಚಾರಕಿ ಕೂರಿಸಿದರು. ಮೂರನೇ ಪರೀಕ್ಷೆಯಲ್ಲಿ ಅಂತೂ ಗಣಿತ ಗಟ್ಟಿಯಾಯಿತು, ಸರಿಯಾಗಿ 35.

ಈಗ ಐಟಿಐ, ಎರಡು ವರ್ಷ. ಅದಾದ ಮೇಲೆ ಅಪ್ರೆಂಟಿಸ್‌ಗಿರಿ. 1961ರ ಅಪ್ರೆಂಟಿಸ್ ಕಾಯ್ದೆ 14 ವರ್ಷ ತುಂಬಿರಬೇಕು ಎನ್ನುತ್ತದೆ, ಎಷ್ಟು ಮೀರಿರಬಾರದು ಎಂದು ಹೇಳುವುದಿಲ್ಲ. ಈ ಮೌನವನ್ನು ಕರೆಂಟಣ್ಣ ತನಗೆ ಬರೆದ ಆಮಂತ್ರಣವೆಂದೇ ಓದಿಕೊಂಡಿದ್ದಾನೆ. ಬ್ರಿಟಾನಿಯಾ ಜಾಯಿಂಟ್, ಮ್ಯಾರಿಡ್ ಜಾಯಿಂಟ್ ಎಂದು ವೈರ್ ಜೋಡಿಸುವ ಬಗೆಗಳನ್ನು ಬೋಧಕರು ಒಂದೊಂದೇ ಹೇಳಿಕೊಡುವಾಗ ಇವನು ಉಳಿದ ಹುಡುಗರದ್ದೂ ಮಾಡಿ ಮುಗಿಸಿರುತ್ತಾನೆ. ತಕರಾರು ಬಂದದ್ದು ಸುರಕ್ಷತೆಯ ಪಾಠದಲ್ಲಿ. ಮೇನ್ ಆಫ್ ಮಾಡದೆ ವೈರ್ ಮುಟ್ಟಬಾರದು ಎಂದರೆ, ‘ಮೇನ್ ಆಫ್ ಮಾಡಿದ್ರೆ ಧಾರಾವಾಹಿ ನಿಂತು ಮನೆಯವರು ಬೈತಾರೆ ಸಾರ್’ ಎಂದ. ಶೂ ಹಾಕು ಎಂದರೆ ಹವಾಯಿಯೂ ರಬ್ಬರೇ ಎಂದು ವಾದಿಸಿದ.

ಇವನಿಗಿಂತ ಹನ್ನೆರಡು ವರ್ಷ ಚಿಕ್ಕವರಾದ ಬೋಧಕರು ಸಹಿಸುವಷ್ಟು ಸಹಿಸಿ, ಎಲ್ಲ ಹುಡುಗರಿಗೂ ಹೇಳುವ ಹಾಗೆ ‘ನಾಳೆ ಪೋಷಕರನ್ನ ಕರ್ಕೊಂಡು ಬಾ’ ಎಂದರು. ಕರೆಂಟಣ್ಣ ಹೆಂಡತಿಯನ್ನು ಕರೆದುಕೊಂಡು ಹೋದ. ಆಕೆ ದೂರುಗಳನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, ‘ಮನೇಲೂ ಹಿಂಗೇ ಸಾರ್, ಮಾತು ಕೇಳಲ್ಲ. ನಮ್ಮ ಬಚ್ಚಲುಮನೆ ಸ್ವಿಚ್ ಬೋರ್ಡು ಮೂರು ವರ್ಷದಿಂದ ನೇತಾಡ್ತಿದೆ. ಅದನ್ನ ಪ್ರಾಕ್ಟಿಕಲ್‌ಗೆ ಹಾಕಿ, ಇಪ್ಪತ್ತು ಮಾರ್ಕ್ಸ್ ಇಡಿ’ ಎಂದರು.