ಚುಕ್ಕಿ ಇದೆ, ರಂಗೋಲಿ ಇಲ್ಲ

ನಾನು ಯಾರೆಂದು ಹಾಲಿನವನಿಗೆ ಗೊತ್ತು, ಬೀದಿನಾಯಿಗೂ ಗೊತ್ತು. ಮೊನ್ನೆ ಬೆಳಿಗ್ಗೆ ನನ್ನದೇ ಕಂಪ್ಯೂಟರಿಗೆ ಮಾತ್ರ ಗೊತ್ತಾಗಲಿಲ್ಲ. ಹಿಂದಿನ ರಾತ್ರಿ ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂದು ಅಪ್ಪಣೆಯಾಗಿತ್ತು. ವಿಧೇಯನಾಗಿ ಮಲಗಿದೆ. ಎದ್ದು ಪಾಸ್‌ವರ್ಡ್ ಹೊಡೆದರೆ ‘ತಪ್ಪು’ ಎಂದಿತು.

ಒಂದೊಂದೇ ಅಕ್ಷರ ನೋಡಿಕೊಂಡು ಒತ್ತಿದೆ. ತಪ್ಪು. ಕ್ಯಾಪ್ಸ್ ಲಾಕ್ ನೋಡಿದೆ, ದೀಪ ಆರಿತ್ತು. ಮಗನಿಗೆ ಫೋನ್ ಮಾಡಿದರೆ, “ಪಿನ್ ಹಾಕಪ್ಪ” ಅಂದ. ಪಾಸ್‌ವರ್ಡ್ ಖಾತೆಯದಂತೆ, ಯಾವ ಯಂತ್ರದಿಂದಲೂ ನಡೆಯುತ್ತದಂತೆ. ಪಿನ್ ಆ ಒಂದು ಯಂತ್ರದ್ದು ಮಾತ್ರವಂತೆ. ನಾನು ಪಿನ್ ಇಟ್ಟೇ ಇರಲಿಲ್ಲ. “ಸರಿ, ಪಾಸ್‌ವರ್ಡನ್ನೇ ಬದಲಾಯಿಸು, ಓಟಿಪಿ ಬರುತ್ತೆ.” ಓಟಿಪಿ ಹೋಯಿತು, ನಾನು ಎಂದೋ ಬಿಟ್ಟ ಹಳೇ ಸಿಮ್ಮಿಗೆ.

ತಲೆ ಕೆಟ್ಟು ಹಿತ್ತಿಲಿಗೆ ಬಂದೆ. ಬೇಲಿಯಾಚೆ ಪಕ್ಕದ ಮನೆಯಮ್ಮ ಕರಿಬೇವು ಕೀಳುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು.

“ಯಾಕ್ರೀ, ಬೆಳಬೆಳಿಗ್ಗೆ ಮುಖ ಹೀಗೆ?”

ಹೇಳಿದೆ.

“ಹೊಡೆದದ್ದು ಕಾಣುತ್ತಾ?”

“ಇಲ್ಲಮ್ಮ, ಬರೀ ಚುಕ್ಕಿ.”

“ಮತ್ತೆ! ನಮ್ಮ ಮೆಷಿನ್‌ನಲ್ಲಿ ಸರಿಯೋ ತಪ್ಪೋ, ಹೊಡೆದದ್ದು ಕಾಗದದ ಮೇಲೆ ಬೀಳ್ತಿತ್ತು. ಇದು ಚುಕ್ಕಿ ಇಟ್ಟು ರಂಗೋಲಿ ಬಿಡಿಸದೇ ಎದ್ದುಹೋಗೋ ಜಾತಿ. ಏನು ಬೀಳ್ತಿದೆ ಅಂತ ಮೊದಲು ನೋಡ್ರೀ.”

ಒಳಗೆ ಬಂದು ಮತ್ತೆ ಹೊಡೆದೆ. ಪಾಸ್‌ವರ್ಡ್ ಹೊಡೆಯುವ ಜಾಗದ ಕೊನೆಯಲ್ಲಿ ಪುಟ್ಟ ಕಣ್ಣಿನ ಗುರುತು ಇತ್ತು. ಒತ್ತಿದೆ. ಇಂಗ್ಲಿಷ್ ಅಕ್ಷರದಲ್ಲಿ ‘ಮಲ್ಲಿಗೆ’ ಎಂದು ಶುರುವಾಗಬೇಕಿದ್ದದ್ದು ಕನ್ನಡದಲ್ಲಿ ಕೂತಿತ್ತು. ಮೊದಲೆರಡು ಅಕ್ಷರ: ‘ಸೋತ’! ನನ್ನ ಬಗ್ಗೆ ಇಷ್ಟು ಚುಟುಕಾಗಿ ಯಾವ ವಿಮರ್ಶಕರೂ ಬರೆದಿರಲಿಲ್ಲ.

ಲೇಖನ ಬರೆಯಲೆಂದು ನಾನೇ ಹಾಕಿಕೊಂಡಿದ್ದ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಕರಾಮತ್ತು ಅದು. ಅದರಲ್ಲಿ ಎಂ ಒತ್ತಿದರೆ ಸ, ಎ ಒತ್ತಿದರೆ ಓತ್ವ, ಎಲ್ ಒತ್ತಿದರೆ ತ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸವಾಗಿದ್ದರೆ ಎಂ ಕೀಲಿಗೆ ಮ ಬಿದ್ದು ನನ್ನ ಮರ್ಯಾದೆಯಾದರೂ ಉಳಿಯುತ್ತಿತ್ತು. ಅಪ್‌ಡೇಟ್ ಕನ್ನಡವನ್ನು ಎತ್ತಿ ಮೊದಲ ಸಾಲಿನಲ್ಲಿ ಕೂರಿಸಿತ್ತು. ಕನ್ನಡಕ್ಕೆ ಅಗ್ರಸ್ಥಾನ ಸಿಗಲಿ ಎಂದು ನವೆಂಬರಿನಲ್ಲಿ ಭಾಷಣ ಬಿಗಿದವನು ನಾನೇ; ದೂರಲು ಬಾಯೆಲ್ಲಿದೆ? ಪರದೆಯ ಕೆಳಗೆ, ಬಲಮೂಲೆಯಲ್ಲಿದ್ದ ಭಾಷೆಯ ಗುರುತು ಒತ್ತಿ ಇಂಗ್ಲಿಷಿಗೆ ಬದಲಾಯಿಸಿದೆ. ಬಾಗಿಲು ತೆರೆಯಿತು.

ಗೆದ್ದ ಉಮೇದಿನಲ್ಲಿ ಬೇಲಿ ಬಳಿ ಪಾಂಡಿತ್ಯವನ್ನೂ ಬಿಚ್ಚಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ತಂದವರು ಅಮೆರಿಕದ ಎಂಐಟಿಯ ಫರ್ನಾಂಡೊ ಕಾರ್ಬಟೋ, 1960ರ ದಶಕದ ಆರಂಭದಲ್ಲಿ. 1966ರಲ್ಲಿ ಅಲ್ಲೊಂದು ಎಡವಟ್ಟಾಗಿ, ಲಾಗಿನ್ ಆದವರಿಗೆಲ್ಲ ಸ್ವಾಗತದ ಮಾತಿನ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಂಡಿತು.

“ಅವತ್ತೊಂದು ದಿನ ಯಾರೂ ಮರೆತಿರಲಿಕ್ಕಿಲ್ಲ ಬಿಡಿ” ಎಂದು ಆಕೆ ಕರಿಬೇವಿನ ಎರಡು ಎಸಳು ನನ್ನ ಕೈಗಿಟ್ಟರು.

ನಿಮ್ಮ ಯಂತ್ರವೂ ಒಂದು ಬೆಳಿಗ್ಗೆ ‘ತಪ್ಪು’ ಎಂದರೆ, ವಯಸ್ಸನ್ನೂ ನೆನಪನ್ನೂ ಬೈದುಕೊಳ್ಳುವ ಮೊದಲು ಆ ಕಣ್ಣು ಒತ್ತಿ ನೋಡಿ. ಖಾತೆಯಲ್ಲಿರುವ ಫೋನ್ ನಂಬರ್ ಹಳೆಯದಾಗಿದ್ದರೆ ಇವತ್ತೇ ಬದಲಾಯಿಸಿ. ಅಂದಹಾಗೆ, ನನ್ನ ಪಾಸ್‌ವರ್ಡ್ ಈಗ ಮಲ್ಲಿಗೆ ಅಲ್ಲ. ಸಂಪಿಗೆ, ಸೇವಂತಿಗೆ ಎಂದು ಹೊಡೆದು ನೋಡುವ ಶ್ರಮ ಬೇಡ.