ಸಂಶಯಸಾರಸಂಗ್ರಹ: ಚಂದ್ರಂಪಳ್ಳಿ ಸೀಮೆಯ ಸುದ್ದಿಗಳ ಮೇಲೊಂದು ಶಾಸ್ತ್ರಪ್ರಬಂಧ

ಪೀಠಿಕಾ ಪ್ರಕರಣ

ಶಾಸ್ತ್ರ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಸುದ್ದಿಯ ಮೇಲಿನ ಸಂಶಯ. ಪ್ರಯೋಜನ ಇದುವರೆಗೆ ಯಾರಿಗೂ ಕಂಡುಬಂದಿಲ್ಲ. ಸಂಬಂಧ, ಸಂಪಾದಕರಿಗೂ ನನಗೂ ಇರುವಂಥದ್ದು. ಅಧಿಕಾರಿ ಎಂದರೆ ಓದಲು ಅರ್ಹತೆಯುಳ್ಳವನು: ಅಂಗಿಯ ಜೇಬಿನಲ್ಲಿ ಮೊಬೈಲು, ಎದುರಿಗೆ ಅರ್ಧ ಕಪ್ ಚಹಾ, ಪಕ್ಕದಲ್ಲಿ ಎಲ್ಲವನ್ನೂ ಬಲ್ಲ ಒಬ್ಬ ಸೋದರಮಾವ, ಈ ಮೂರೂ ಇದ್ದವನು.

ಇನ್ನು ಕ್ಷೇತ್ರ. ಚಿಂಚೋಳಿ ಕಾಡಿನೊಳಗಿನ ಚಂದ್ರಂಪಳ್ಳಿ ಜಲಾಶಯ ಈ ಶಾಸ್ತ್ರದ ಈಶಾನ್ಯ ಗಡಿ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮ್ ನೈಋತ್ಯದ್ದು. ನಡುವೆ ಸೇಡಂ, ಚಿತ್ತಾಪುರ, ಶಹಾಬಾದ್. ಮೇಲೆ ತೊಗರಿ, ಕೆಳಗೆ ಸುಣ್ಣದ ಕಲ್ಲು, ಎರಡರ ನಡುವೆ ಸುದ್ದಿ.

ಈ ಸೀಮೆಯ ಜನಕ್ಕೆ ಪ್ರಶ್ನಿಸುವ ಬುದ್ಧಿ ಕಡಿಮೆ, ಹೇಳಿದ್ದನ್ನೆಲ್ಲ ನಂಬುತ್ತಾರೆ ಎಂದು ದೂರದ ಊರಿನ ಪಂಡಿತರು ಬರೆಯುವುದುಂಟು. ಇದು ಶುದ್ಧ ಅಜ್ಞಾನ. ಇಲ್ಲಿಯ ರೈತ ಹವಾಮಾನ ಇಲಾಖೆಯನ್ನು ನಂಬುವುದಿಲ್ಲ, ಬೀಜದ ಚೀಲದ ಮೇಲೆ ಅಚ್ಚಾದದ್ದನ್ನು ನಂಬುವುದಿಲ್ಲ, ಅಡತಿ ಅಂಗಡಿಯ ತಕ್ಕಡಿಯನ್ನು ನಂಬುವುದಿಲ್ಲ, ಬಸ್ ನಿಲ್ದಾಣದ ವೇಳಾಪಟ್ಟಿಯನ್ನಂತೂ ಓದುವುದೂ ಇಲ್ಲ. ಸಂಶಯಕ್ಕೆ ಬರವಿಲ್ಲ, ಖರ್ಚು ಮಾಡುವ ಜಾಗ ತಪ್ಪುತ್ತದೆ, ಅಷ್ಟೆ. ಆದ್ದರಿಂದ ಮೊದಲ ಸೂತ್ರ: ಹೇಳುವವನ ದನಿ ಏರಿದಷ್ಟೂ ಕೇಳುವವನ ಸಂಶಯ ಇಳಿಯುತ್ತದೆ. ಮೆಲ್ಲಗೆ ಮಾತಾಡುವವನ ಮೇಲೆ ಉಳಿದ ಸಂಶಯವೆಲ್ಲ ಬೀಳುತ್ತದೆ.

ಶಿಲಾ ಪ್ರಕರಣ

ಈ ಸೀಮೆಗೆ ಬಂದ ಮೊದಲ ಸರ್ಕಾರಿ ಪತ್ರಿಕಾ ಪ್ರಕಟಣೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಸಿಕ್ಕಿದೆ. ಹೊರಡಿಸಿದವನು ಅಶೋಕ ಚಕ್ರವರ್ತಿ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಲ್ಲಿನ ಎರಡೂ ಬದಿಗೆ ಬರೆಸಿದ್ದ. ನಮ್ಮವರು ಅದನ್ನೇನು ಮಾಡಿದರು? ನಡುವೆ ಒಂದು ತೂತು ಕೊರೆದು ಕಾಳಿಕಾ ದೇವಿಯ ವಿಗ್ರಹಕ್ಕೆ ಪೀಠ ಮಾಡಿಕೊಂಡರು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆಯೇ ಆ ಕಲ್ಲು ವಿದ್ವಾಂಸರ ಕಣ್ಣಿಗೆ ಬಿದ್ದದ್ದು.

ಸರ್ಕಾರದ ಹೇಳಿಕೆಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಭಾರತದಲ್ಲಿ ಬೇರೆಲ್ಲೂ ದೊರೆತಿಲ್ಲವೆಂದು ನನ್ನ ವಾದ. ಆದರೆ ಒಂದು ಹಾನಿಯಾಯಿತು. ಆ ಕಲ್ಲಿನ ಮೇಲಿದ್ದ ಶಾಸನಗಳಲ್ಲಿ ಒಂದು ಹನ್ನೆರಡನೆಯದು. ನಿನ್ನ ಪಂಥವನ್ನೇ ಹೊಗಳಿಕೊಂಡು ಮಂದಿಯ ಪಂಥವನ್ನು ಹಳಿಯಬೇಡ, ನಾಲಗೆ ಹಿಡಿತದಲ್ಲಿರಲಿ ಎಂಬುದು ಅದರ ತಾತ್ಪರ್ಯ. ರಾತ್ರಿ ಒಂಬತ್ತರ ಚರ್ಚೆಯಲ್ಲಿ ಎಂಟು ಚೌಕಗಳಲ್ಲಿ ಎಂಟು ಜನ ಕೂತು ಕೂಗುವಾಗ ನನಗೆ ಆ ತೂತು ನೆನಪಾಗುತ್ತದೆ.

ಶೂನ್ಯ ಪ್ರಕರಣ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ದೊಡ್ಡ ಬುದ್ಧಿವಂತ. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸಲು ಎಷ್ಟು ಬಗೆ ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಂಡುಕೊಂಡ. ಆದರೆ ಒಂದು ಕಡೆ ಎಡವಿದ: ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದ ಹಾಗೇ ಉಳಿಯುತ್ತದೆ ಎಂದ. ಗಣಿತದವರು ಅಂದಿನಿಂದ ಇದನ್ನು ತಪ್ಪೆಂದು ತಿದ್ದುತ್ತಲೇ ಬಂದಿದ್ದಾರೆ.

ನನ್ನ ನಮ್ರ ಅಭಿಪ್ರಾಯದಲ್ಲಿ ಆಚಾರ್ಯ ಎಡವಲಿಲ್ಲ. ಅವನು ಸಂಖ್ಯೆಯ ಹೆಸರಿನಲ್ಲಿ ಸುದ್ದಿಯ ಬಗ್ಗೆ ಬರೆಯುತ್ತಿದ್ದ, ಕಾಲ ಮಾತ್ರ ಒಂದು ಸಾವಿರ ವರ್ಷ ಮುಂಚೆಯಾಯಿತು. ಸುದ್ದಿಯನ್ನು ಸೊನ್ನೆ ಸತ್ಯಾಂಶದಿಂದ ಭಾಗಿಸಿ ನೋಡಿ, ಇದ್ದ ಹಾಗೇ ಉಳಿಯುತ್ತದೆ.

ಉದಾಹರಣೆಗೆ 2016ರ ನವೆಂಬರ್. ಹೊಸ ಎರಡು ಸಾವಿರದ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೋಟನ್ನು ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು ಟಿ.ವಿ.ಗಳೇ ಹೇಳಿದವು. ಬ್ಯಾಟರಿಯಿಲ್ಲದ ಕಾಗದದ ಚೂರು ಆಕಾಶದೊಂದಿಗೆ ಮಾತಾಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬೇರೆ ಊರಿನವರು ನಂಬಿದರೆ ಕ್ಷಮಿಸಬಹುದು. ಶಹಾಬಾದಿನವರು? ಹಾರೆ ಹಾಕಿ ಪದರ ಪದರವಾಗಿ ಪರ್ಸಿ ಕಲ್ಲು ಎಬ್ಬಿಸುವವನಿಗೆ ಒಂದು ಮೊಳ ಕಲ್ಲಿನ ಕೆಳಗೆ ಏನಿದೆ ಎಂಬುದೇ ತಿಳಿಯದು. 120 ಮೀಟರ್ ಕಲ್ಲಿನಡಿಯ ಕಾಗದ ಮೇಲಿನವರಿಗೆ ಕಾಣುತ್ತದಂತೆ, ಅವನೂ ತಲೆಯಾಡಿಸಿದ. ಕಡೆಗೆ 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ನೋಟನ್ನೇ ಚಲಾವಣೆಯಿಂದ ಹಿಂದಕ್ಕೆ ಕರೆಯಿತು. ನೋಟು ಹೋಯಿತು. ಚಿಪ್ಪಿನ ಸುದ್ದಿ ಕೆಲವು ಕಟ್ಟೆಗಳ ಮೇಲೆ ಈಗಲೂ ಚಲಾವಣೆಯಲ್ಲಿದೆ.

ಗಡಿಕೇಶ್ವಾರ ಪ್ರಕರಣ

ಈ ಶಾಸ್ತ್ರದ ಹೃದಯಭಾಗ ಇದು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು ಬರುತ್ತದೆ ಎಂದು ಊರವರು ವರ್ಷಗಳಿಂದ ಹೇಳುತ್ತಲೇ ಇದ್ದರು. 2021ರ ಅಕ್ಟೋಬರ್‌ನಲ್ಲಿ ಸದ್ದಿನ ಜೊತೆಗೆ ನೆಲವೂ ಮತ್ತೆ ಮತ್ತೆ ನಡುಗಿತು. ಒಂದು ಕಂಪನ ರಿಕ್ಟರ್ ಮಾಪಕದಲ್ಲಿ 3.4, ಮತ್ತೊಂದು ನಾಲ್ಕರ ಆಸುಪಾಸು. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಕ್ಯಾಮೆರಾಗಳು ಬಂದವು. ಆಮೇಲೆ ವಿಜ್ಞಾನಿಗಳು ಬಂದರು. ಅದಾದ ಮೇಲೆ ಕಂಪನ ಅಳೆಯುವ ಯಂತ್ರ ಬಂತು. ಈ ಅನುಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು.

ಸದ್ದಿನ ಕಾರಣದ ಬಗ್ಗೆ ಪ್ರಚಲಿತ ಮತಗಳು ಹಲವು. ಗಣಿ ಮತದವರ ಪ್ರಕಾರ ಇದು ಸಿಮೆಂಟಿಗಾಗಿ ಕಲ್ಲು ಸಿಡಿಸುವ ಸದ್ದು. ಸುತ್ತ ಗಣಿಗಳಿರುವ ಸೀಮೆಯಲ್ಲಿ ಈ ಸಂಶಯ ಬರದಿದ್ದರೆ ಅದೇ ರೋಗ. ಆದರೆ ಸಿಡಿಮದ್ದು ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ, ಜಾರುವ ಬಂಡೆ ಕೆಲವು ದಿಕ್ಕಿಗೆ ತಳ್ಳಿ ಕೆಲವು ದಿಕ್ಕಿಗೆ ಎಳೆಯುತ್ತದೆ. ಯಂತ್ರದ ಗೆರೆಯಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ಸಾಲದ್ದಕ್ಕೆ ಗಣಿಯವರು ರಾತ್ರಿ ಮಲಗುತ್ತಾರೆ, ಈ ಸದ್ದು ಮಲಗುವುದಿಲ್ಲ.

ಜಲಾಶಯ ಮತದವರು ಬೆರಳು ತೋರಿಸುವುದು ಚಂದ್ರಂಪಳ್ಳಿಯ ಕಡೆಗೆ. ಇವರನ್ನು ನಗೆಯಾಡಿ ಕಳಿಸುವಂತಿಲ್ಲ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದ ಭೂಕಂಪಕ್ಕೆ ಅಲ್ಲಿಯ ದೊಡ್ಡ ಜಲಾಶಯವೇ ಚಾಲನೆ ಕೊಟ್ಟಿತೆಂದು ವಿಜ್ಞಾನಿಗಳೇ ಒಪ್ಪುತ್ತಾರೆ. ಆದರೆ ಕೊಯ್ನಾದ ಎದುರು ಚಂದ್ರಂಪಳ್ಳಿ ಒಂದು ಹೊಂಡ. ಅದರ ನೀರು ಅಕ್ಕಪಕ್ಕದ ಹೊಲಕ್ಕೆ ತಲುಪುವುದೇ ಕಷ್ಟವಿರುವಾಗ ಪಾತಾಳಕ್ಕೆ ಹೋಗಿ ಬಂಡೆ ಅಲುಗಿಸುವ ಶಕ್ತಿಯನ್ನು ಅದಕ್ಕೆ ಆರೋಪಿಸುವುದು ನೀರಾವರಿ ಇಲಾಖೆಗೆ ಸಲ್ಲದ ಗೌರವ. ಮೂರನೆಯದಾದ ನಿಧಿ ಮತದವರ ಪ್ರಕಾರ ಕೆಳಗೆ ರಾಷ್ಟ್ರಕೂಟರ ಬಂಗಾರವಿದೆ, ಅದು ಹೊರಳುತ್ತಿದೆ. ಬಂಗಾರ ಹೊರಳಲಿ ಬಿಡಿ.

ಶಾಸ್ತ್ರಗ್ರಂಥಗಳ ವಾಡಿಕೆಯಂತೆ ಇಲ್ಲೊಂದು ಸಂವಾದ ಹೊಂದಿಸಿದ್ದೇನೆ. ಪೂರ್ವಪಕ್ಷ ಕಟ್ಟೆಯ ಮೇಲಿನ ಕಾಕಾನದು. ಸಿದ್ಧಾಂತಿ ಜೀಪಿನಲ್ಲಿ ಬಂದ ಸಾಹೇಬರು.

“ಸಾಹೇಬ್ರ, ಕೆಳಗ ಏನದ?”

“ಸುಣ್ಣದ ಕಲ್ಲಿನ ಪದರ ಇದೆ. ಮಳೆ ಜಾಸ್ತಿಯಾದಾಗ ನೀರು ಬಿರುಕಿಗೆ ಇಳಿದು ಒತ್ತಡ ಏರಿರಬಹುದು. ಸಣ್ಣ ಕಂಪನ, ಆಳವೂ ಕಡಿಮೆ. ಅದಕ್ಕೇ ಸದ್ದು ಇಷ್ಟು ಕೇಳುತ್ತದೆ.”

“ಇರಬಹುದು ಅಂತೀರಿ. ಖರೇ ಏನಂತ ಗೊತ್ತಿಲ್ಲೇನು?”

“ಯಂತ್ರ ಇಟ್ಟು ಕೆಲವು ದಿನ ನೋಡಬೇಕು ಕಾಕಾ.”

“ಇಷ್ಟ ವರ್ಷ ಯಾಕ ಇಡಲಿಲ್ರಿ?”

ಸಾಹೇಬರು ಏನೋ ಬರೆದುಕೊಂಡರು. “ಆತಂಕ ಪಡಬೇಡಿ” ಎಂದರು.

“ಹೆದರಂಗಿಲ್ಲ ಬಿಡ್ರಿ. ಇವತ್ತ ರಾತ್ರಿ ನಮ್ಮ ಮನ್ಯಾಗೇ ವಸ್ತಿ ಮಾಡ್ರಿ. ರೊಟ್ಟಿ, ಪುಂಡಿಪಲ್ಯ ಅದ.”

ಸಾಹೇಬರಿಗೆ ಮರುದಿನ ಬೆಳಿಗ್ಗೆ ಮೀಟಿಂಗು.

ಕಾಕಾನ ಸಂಶಯಗಳನ್ನು ಬಿಡಿಸಿ ನೋಡಿದರೆ ಒಂದು ಕಡೆ ಅವನು ದಾರಿ ತಪ್ಪಿದ್ದಾನೆ. ‘ಇರಬಹುದು’ ಎಂದವನನ್ನು ಅಜ್ಞಾನಿ ಎಂದುಕೊಂಡ. ಅದೇ ಸಂಜೆ ಟಿ.ವಿ.ಯಲ್ಲಿ, ಕಲಬುರಗಿಗೆ ಬರುವ ಬಸ್ಸನ್ನೂ ಹತ್ತದ ಒಬ್ಬರು, ಕೆಂಪು ಅಕ್ಷರಗಳ ಹಿನ್ನೆಲೆಯಲ್ಲಿ, ಜಿಲ್ಲೆಗೆ ಕಾದಿರುವ ಗಂಡಾಂತರವನ್ನು ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಅಡ್ಡ ಹಿಡಿದು ಹೇಳಿದಾಗ ಅವನು ಮರುಮಾತಿಲ್ಲದೆ ಕೇಳಿದ. ಮೊದಲ ಸೂತ್ರ ಇಲ್ಲಿ ಚೊಕ್ಕವಾಗಿ ಕೆಲಸ ಮಾಡಿದೆ. ಆದರೆ ಅವನ ಉಳಿದೆರಡು ಮಾತುಗಳಿಗೆ ನಾನು ಕೈಮುಗಿಯುತ್ತೇನೆ. ‘ಇಷ್ಟು ವರ್ಷ ಯಾಕೆ ಇಡಲಿಲ್ಲ’ ಎಂಬುದು ಯಾವ ಸಂಶೋಧನ ಪತ್ರಿಕೆಯ ಪರೀಕ್ಷಕನೂ ಕೇಳಬೇಕಾದ ಪ್ರಶ್ನೆ. ‘ವಸ್ತಿ ಮಾಡ್ರಿ’ ಎಂಬುದಕ್ಕೆ ಈ ಶಾಸ್ತ್ರದಲ್ಲಿ ವಸ್ತಿಪರೀಕ್ಷೆ ಎಂದೇ ಹೆಸರಿಟ್ಟಿದ್ದೇನೆ: ನೀನು ಹೇಳುವುದರ ಕೆಳಗೆ ನೀನೇ ಒಂದು ರಾತ್ರಿ ಮಲಗು.

ಕಾಕಾನ ಹೆದರಿಕೆಗೂ ಲೆಕ್ಕವುಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನಡುಗಿತು, ತೀವ್ರತೆ 6.2. ಸುಮಾರು ಹತ್ತು ಸಾವಿರ ಜನ ಸತ್ತರು. ಮಾಪಕದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಹಾಗಾಗಿ 3.4ಕ್ಕೂ 6.2ಕ್ಕೂ ನಡುವೆ ಸುಮಾರು ಹದಿನಾರು ಸಾವಿರ ಪಟ್ಟು ಅಂತರ. ಇದನ್ನು ಹೇಳಿದ್ದರೆ ಊರಿಗೆ ಸ್ವಲ್ಪ ನಿದ್ದೆ ಬರುತ್ತಿತ್ತು. ಆದರೆ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಮೇಲಿನ ಮಣ್ಣಿನ ಮಾಳಿಗೆ. ಅಂಥದೇ ಗೋಡೆ, ಅಂಥದೇ ಮಾಳಿಗೆಯ ಕೆಳಗೆ ಮಲಗುವವನಿಗೆ ಅಂಕಗಣಿತ ಅರ್ಧ ಸಮಾಧಾನವನ್ನಷ್ಟೇ ಕೊಡುತ್ತದೆ.

ಯಂತ್ರ ಬರುವ ಮೊದಲು ಊರಲ್ಲಿ ಮಾಪಕವೇ ಇರಲಿಲ್ಲ ಎನ್ನುವುದೂ ತಪ್ಪು. ಅಡುಗೆಮನೆಯ ಗೋಡೆಗೆ ಜೋಡಿಸಿದ ಪರ್ಸಿಯ ಹಲಗೆ, ಅದರ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು: ಜೋಳದ ಹಿಟ್ಟು, ತೊಗರಿಬೇಳೆ, ಖಾರಪುಡಿ. ತುಂಬಿದ ಡಬ್ಬಿ ಸುಮ್ಮನಿರುತ್ತದೆ. ತಿಂಗಳ ಕೊನೆಯಲ್ಲಿ ಖಾಲಿಯಾದದ್ದೇ ಮೊದಲು ಗಿಲಿಗಿಲಿ ಅನ್ನುವುದು. ಯಾವ ಮನೆಯಲ್ಲಿ ಕಂಪನ ಜೋರಾಗಿತ್ತು ಎಂದು ವಿಚಾರಿಸಲು ಹೋದವರು ಆ ಮನೆಯ ರೇಷನ್ ಕಾರ್ಡನ್ನೂ ನೋಡುವುದು ಒಳಿತು.

ಒನಕೆ ಪ್ರಕರಣ

ಗ್ರಹಣದ ದಿನ ಒನಕೆ ತಾನಾಗಿ ನಿಲ್ಲುತ್ತದೆ ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಿದೆ, ಏಕೆಂದರೆ ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ವಿಧಾನ ಹೀಗೆ. ಹಿತ್ತಾಳೆಯ ತಾಟಿನಲ್ಲಿ ಅರಿಸಿನದ ನೀರು ಹಾಕಿ, ಅದರ ನಡುವೆ ಒನಕೆ ಇಡುತ್ತಾರೆ. ಮನೆಯ ಹಿರಿಯ ಹೆಣ್ಣುಮಗಳು ಎರಡು ಬೆರಳಿನಲ್ಲಿ ತುದಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಕೂದಲಷ್ಟು ಆಚೆ, ಒಂದು ಕೂದಲಷ್ಟು ಈಚೆ ತೂಗಿ, ಮೆಲ್ಲಗೆ ಬೆರಳು ಬಿಡುತ್ತಾಳೆ. ನಿಲ್ಲುತ್ತದೆ. ಒನಕೆಯ ತುದಿಗೆ ಹಾಕಿದ ಕಬ್ಬಿಣದ ಅಣಸು ವರ್ಷಗಟ್ಟಲೆ ಕುಟ್ಟಿ ಸವೆದು ಸಪಾಟಾಗಿರುತ್ತದೆ, ಭಾರ ನೇರವಾಗಿ ಅದರ ಮೇಲೆ ಬಿದ್ದರೆ ಗ್ರಹಣವಿರಲಿ ಇಲ್ಲದಿರಲಿ ನಿಲ್ಲಲೇಬೇಕು. ಮರುದಿನ ನಿಲ್ಲಿಸಿ ನೋಡಿದವರಿಲ್ಲ. ಇದ್ದಿದ್ದರೂ ಅದು ಸುದ್ದಿಯಾಗುತ್ತಿರಲಿಲ್ಲ. ಆ ಹೆಣ್ಣುಮಗಳ ಕೈಚಳಕವನ್ನು ಸೂರ್ಯನ ಲೆಕ್ಕಕ್ಕೆ ಬರೆದದ್ದೇ ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ.

ನಗುತ್ತಿದ್ದವನು ಇಲ್ಲಿ ಸ್ವಲ್ಪ ನಿಲ್ಲಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತರು, ಗುಣವಾಗುತ್ತದೆಂಬ ಆಸೆಗೆ. ಆ ತಂದೆತಾಯಿಯನ್ನು ಬೈದವರು ಬಹಳ. ಆ ಮಕ್ಕಳನ್ನು ಡಾಕ್ಟರು ಎಷ್ಟು ಸಲ ನೋಡಿದ್ದರು, ಫಿಸಿಯೋಥೆರಪಿ ಎಷ್ಟು ದೂರದಲ್ಲಿತ್ತು ಎಂದು ಕೇಳಿದವರು ಕಡಿಮೆ. ಮೌಢ್ಯಾಚರಣೆ ತಡೆಯುವ ರಾಜ್ಯದ ಕಾಯ್ದೆ 2017ರಲ್ಲಿ ಶಾಸನಸಭೆಯ ಒಪ್ಪಿಗೆ ಪಡೆದರೂ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಗ್ರಹಣ ಬಿಟ್ಟ ಮೇಲೆ. ಜ್ಯೋತಿಷಕ್ಕೂ ವಾಸ್ತುವಿಗೂ ಅದರಿಂದ ವಿನಾಯಿತಿಯಿದೆ. ಹಾಗಾಗಿ ಬೆಳಗಿನ ಟಿ.ವಿ.ಗೆ ಯಾವ ತೊಂದರೆಯೂ ಇಲ್ಲ.

ಗುಣಸಂಕಲಿತ ಪ್ರಕರಣ

ಮಹಾವೀರಾಚಾರ್ಯನ ಕ್ರಮದಲ್ಲಿ ಅಭ್ಯಾಸಕ್ಕೊಂದು ಲೆಕ್ಕ. ಗೆಳೆಯಾ, ಗುಣೋತ್ತರ ಶ್ರೇಢಿಯನ್ನು ಕೂಡಿಸಬಲ್ಲೆಯಾದರೆ ಬೇಗ ಹೇಳು.

ಸೇಡಂನ ಹೋಟೆಲೊಂದರಲ್ಲಿ ಕುಳಿತವನು ನಾಳೆ ಭೂಕಂಪವೆಂದು ಒಂದು ಸುದ್ದಿ ಕಟ್ಟುತ್ತಾನೆ. 2018ರಲ್ಲಿ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಬೇಕೆಂದು ಮಿತಿ ಹಾಕಿತು, ಈ ಲೆಕ್ಕಕ್ಕೆ ಆ ಮಿತಿಯೇ ಆಧಾರ. ನಮ್ಮವನು ಕಾನೂನಿಗೆ ತಲೆಬಾಗುವವನು, ಐದೇ ಜನಕ್ಕೆ ಕಳಿಸುತ್ತಾನೆ. ಆ ಐವರೂ ಇನ್ನೂ ಕಾಣದ ಐದೈದು ಜನಕ್ಕೆ. ಒಂಬತ್ತನೆಯ ಸುತ್ತು ಮುಗಿಯುವಾಗ ಕಟ್ಟಿದವನೂ ಸೇರಿ 24,41,406 ಜನರಿಗೆ ಸುದ್ದಿ ಮುಟ್ಟಿರುತ್ತದೆ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25,66,326. ಉಳಿಯುವವರು 1,24,920.

ಈ ಉಳಿದವರಲ್ಲಿ ಕೆಲವರು ಚಂದ್ರಂಪಳ್ಳಿ ಕಾಡಿನೊಳಗೆ ನೆಟ್‌ವರ್ಕ್ ಸಿಗದೆ ಉಳಿದವರು. ಬಹಳಷ್ಟು ಜನ ತೊಟ್ಟಿಲಲ್ಲಿರುವವರು. ಕೆಲವರ ರೀಚಾರ್ಜ್ ಮುಗಿದಿದೆ. ವಾಡಿಯಲ್ಲಿ ರೈಲು ತಪ್ಪಿಸಿಕೊಂಡು ನಿದ್ದೆಹೋದವರು ಒಂದಷ್ಟು. ಇವರನ್ನೆಲ್ಲ ಕಳೆದ ಮೇಲೆ, ‘ನಿನಗ ಯಾರ್ ಹೇಳಿದ್ರೋ ತಮ್ಮಾ’ ಎಂದು ಕೇಳಿ ಫಾರ್ವರ್ಡ್ ಮಾಡದೆ ಬಿಟ್ಟವರು ಎಷ್ಟು? ಹತ್ತನೆಯ ಸುತ್ತಿನಲ್ಲಿ ಸುದ್ದಿ ತಿರುಗಿ ಸೇಡಂನ ಅದೇ ಹೋಟೆಲಿಗೆ ಬಂದಾಗ, ಅದನ್ನು ಕಟ್ಟಿದವನು ಹಾಸಿಗೆ ಹೊತ್ತುಕೊಂಡು ಎಷ್ಟು ಗಂಟೆಗೆ ಹೊರಗೆ ಮಲಗಲು ಹೋದ?