ಗಾಲಿ ಮೇಲಿನ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನನ್ನ ಭಾಮೈದನನ್ನು ನೋಡಿರಲಿಲ್ಲ. ಅವನು ಎರಡನ್ನೂ ಮುಗಿಸಿದ. ಆಮೇಲೆ ಆ ಎರಡರಿಂದಲೂ ವಾರಕ್ಕೆರಡು ದಿನ ತಪ್ಪಿಸಿಕೊಳ್ಳಲು, ಕಾರಿಗೆ ಕಟ್ಟಿ ಎಳೆಯುವ ಇನ್ನೊಂದು ಮನೆ ಕಟ್ಟಲು ಕೂತ. ಚಾಸಿ, ಗಾಲಿ, ಚೌಕಟ್ಟು ಎರಡೇ ತಿಂಗಳಲ್ಲಿ ಎದ್ದು ನಿಂತವು. ಹೊರಗೋಡೆಗೆ ಏನು ಹಾಕುವುದು ಎಂಬ ಪ್ರಶ್ನೆಗೆ ಮಾತ್ರ ಬರುವ ಯುಗಾದಿಗೆ ಮೂರು ವರ್ಷ ತುಂಬುತ್ತದೆ.

ಮೊದಲು ಪ್ಲೈವುಡ್. "ಐಎಸ್ 710 ಮೆರೈನ್ ಪ್ಲೈ ಭಾವ, ಮೂರು ದಿನ ಕುದಿಸಿದರೂ ಪದರ ಬಿಡಬಾರದು ಅಂತ ಪರೀಕ್ಷೆ!" ನಮ್ಮನೆ ಬೇಳೆಗೂ ಇಂಥ ಪರೀಕ್ಷೆ ಬಂದಿಲ್ಲ. ಎಂಟಡಿ-ನಾಲ್ಕಡಿಯ 6 ಮಿ.ಮೀ. ಹಾಳೆ ಸುಮಾರು 11 ಕಿಲೋ. ಅಂಚಿಗೆ ಬಣ್ಣ ತಪ್ಪಿದರೆ ಅಲ್ಲಿಂದಲೇ ನೀರು ಕುಡಿಯುತ್ತದೆ ಎಂದು ಯಾರೋ ಹೇಳಿದರು. ಪ್ಲೈ ಹೋಯಿತು.

ಆಮೇಲೆ ಅಲ್ಯೂಮಿನಿಯಂ. 1936ರಲ್ಲೇ ಅಮೆರಿಕದ ಏರ್‌ಸ್ಟ್ರೀಮ್‌ನವರು ವಿಮಾನದಂತೆ ರಿವೆಟ್ ಹೊಡೆದು ಬೆಳ್ಳಿ ಗುಂಡಿನಂಥ ಗಾಡಿ ಮಾಡಿದ್ದರಲ್ಲ, ಅದರ ಫೋಟೊ ಇವನ ಮೊಬೈಲಿನ ವಾಲ್‌ಪೇಪರ್. ಪ್ಲೈ ಅಳತೆಯದೇ 1 ಮಿ.ಮೀ. ಅಲ್ಯೂಮಿನಿಯಂ ಹಾಳೆ ಬರೀ 8 ಕಿಲೋ, ಉಕ್ಕಾದರೆ 23. ಆದರೆ ಹತ್ತಡಿ ಹಾಳೆ 40 ಡಿಗ್ರಿ ಬಿಸಿಯೇರಿದರೆ ಹೆಚ್ಚುಕಮ್ಮಿ 3 ಮಿ.ಮೀ. ಉದ್ದವಾಗುತ್ತದೆ. ಜೊತೆಗೆ ಉಕ್ಕಿನ ಸ್ಕ್ರೂ ಹೊಡೆದು ಮಳೆಗೆ ಬಿಟ್ಟರೆ ಸವೆಯುವುದು ಸ್ಕ್ರೂ ಅಲ್ಲ, ಅಲ್ಯೂಮಿನಿಯಂ. "ಹೊಂದಿಕೊಂಡು ಹೋಗೋರೇ ಸವೆಯೋದು," ಎಂದಳು ಅವನ ಹೆಂಡತಿ, ಒಳಗಿನಿಂದಲೇ.

ಮೂರನೆಯದು ಎಸಿಪಿ, ಅಂದರೆ ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್. ಬೆಂಗಳೂರಿನ ಮೊಬೈಲ್ ಅಂಗಡಿಯಿಂದ ನರ್ಸಿಂಗ್ ಹೋಮ್‌ವರೆಗೆ ಎಲ್ಲವೂ ತೊಟ್ಟಿರುವ ಅಂಗಿ. ಮೇಲೆ ಕೆಳಗೆ ತೆಳ್ಳನೆಯ ಅಲ್ಯೂಮಿನಿಯಂ, ಅಗ್ಗದ್ದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಅಂಥದ್ದೇ ಹೊದಿಕೆ ಹಿಡಿದು ಮೇಲೇರಿತು. 72 ಜನ ಸತ್ತರು. ಪಕ್ಕದಲ್ಲೇ ಗ್ಯಾಸ್ ಒಲೆ ಇಟ್ಟುಕೊಂಡು ಮಲಗುವ ಡಬ್ಬಿಗೆ ಇದು ಬೇಡ ಎಂದೆ. ಅದೊಂದನ್ನು ಮಾತ್ರ ತಕ್ಷಣ ಒಪ್ಪಿದ.

ಕೊನೆಗೆ ನಾನೇ ಒಂದು ದಾರಿ ತೋರಿಸಿದೆ. ಪ್ಲೈ ಮೇಲೆ ಹತ್ತಿ ಬಟ್ಟೆ ಅಂಟಿಸಿ ನಾಲ್ಕು ಕೋಟು ಪೇಂಟ್ ಬಳಿಯುವುದು. ಅಮೆರಿಕದಲ್ಲಿ ಕೈಯಾರೆ ಗಾಡಿ ಕಟ್ಟುವವರು ಇದನ್ನು 'ಬಡವರ ಫೈಬರ್‌ಗ್ಲಾಸ್' ಅನ್ನುತ್ತಾರೆ. ಭಾಮೈದನ ಮುಖ ಹುಳ್ಳಗಾಯಿತು. "ನೋಡಿದೋರು ಏನಂತಾರೆ ಭಾವ?"

ಅಲ್ಲಿಗೆ ಗೊತ್ತಾಯಿತು. ಗೋಡೆ ಬೇಕಾಗಿದ್ದದ್ದು ಮಳೆಗಲ್ಲ, ಎದುರುಮನೆಯವರ ಕಣ್ಣಿಗೆ.

ಜೆ.ಸಿ. ರಸ್ತೆಯಲ್ಲಿ ಬಾಡಿ ಕಟ್ಟುವ ಮೇಸ್ತ್ರಿಯನ್ನು ಕರೆಸಿದೆವು. ಆತ ಚೌಕಟ್ಟಿನ ಸುತ್ತ ಒಂದು ಸುತ್ತು ಬಂದು, ಮೂಲೆಯೊಂದಕ್ಕೆ ಉಗುರು ಹಾಕಿ ಕೆರೆದ. "ಶೀಟ್ ಯಾವ್ದಾದ್ರೂ ಹಾಕಿ ಸಾರ್. ನೀರು ಶೀಟಿಂದ ಬರಲ್ಲ. ಜಾಯಿಂಟಿಂದ ಬರುತ್ತೆ, ಸ್ಕ್ರೂ ತೂತಿಂದ ಬರುತ್ತೆ. ಅದಕ್ಕೇನ್ ಹಾಕ್ತೀರಾ?" ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಭಾಮೈದ ಅಲ್ಲೇ ಮೊಬೈಲ್ ತೆಗೆದು ಸೀಲೆಂಟುಗಳ ಪಟ್ಟಿ ಮಾಡತೊಡಗಿದ. ನೂರಿಪ್ಪತ್ತು ರೂಪಾಯಿಯ ನೀಲಿ ಟಾರ್ಪಾಲು ಮಾತ್ರ, ಮೂರು ಮಳೆಗಾಲದಿಂದ ಯಾರ ಅಭಿಪ್ರಾಯವನ್ನೂ ಕೇಳದೆ, ಗಾಡಿಯನ್ನು ನೆನೆಯದಂತೆ ಕಾಯುತ್ತಿದೆ.

ಮೊನ್ನೆ ತಾಳ್ಮೆ ಕೆಟ್ಟು ಹೇಳಿದೆ: "ಹೀಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎಷ್ಟು ದಿನ ಮಾತಾಡ್ತೀಯೋ?"

ಅವನು ಟಾರ್ಪಾಲಿನಡಿ ಕೈಹಾಕಿ, ಪ್ಯಾಕೂ ಒಡೆಯದ ಎಲ್‌ಇಡಿ ದೀಪವೊಂದನ್ನು ಹೊರತೆಗೆದ. "ದೀಪ ಆಗಲೇ ತಂದಿದೀನಿ ಭಾವ. ಇಡೋಕೆ ಗೋಡೆನೇ ಇಲ್ಲ."